ಸಿರಿಗೇರಿ ನನ್ನ ಸರ್‌ನೇಮ್ ಅಲ್ಲ ಸ್ವಾಮೀ!

ನನ್ನ ಇನಿಷಿಯಲ್ 'ಎಸ್' ಅಂದ್ರೆ ಸಿರಿಗೇರಿ, ಬಳ್ಳಾರಿ ಜಿಲ್ಲೆಯ ನಮ್ಮೂರು. ಆನ್‌ಲೈನ್ ಫಾರ್ಮ್‌ಗಳಲ್ಲಿ ಸರ್‌ನೇಮ್ ಪೆಟ್ಟಿಗೆ ಖಾಲಿ ಬಿಟ್ಟರೆ ಮುಂದಕ್ಕೇ ಹೋಗಲ್ಲ. ಊರಿನ ಹೆಸರು ತುಂಬಿದರೆ 'ಡಿಯರ್ ಸಿರಿಗೇರಿ' ಅಂತ ಮೇಲ್ ಬರುತ್ತೆ. ಇಡೀ ಊರಿಗೇ ನಮಸ್ಕಾರ! :-)

ನಮ್ಮ ಕಡೆ ಊರು ಮೊದಲು, ಮನುಷ್ಯ ಆಮೇಲೆ. ಗಮಕಕ್ಕೆ ಜೋಳದರಾಶಿ ದೊಡ್ಡನಗೌಡರು, ತೊಗಲುಗೊಂಬೆಗೆ ಬೆಳಗಲ್ಲು ವೀರಣ್ಣ, ಬುರ್ರಕಥೆಗೆ ದರೋಜಿ ಈರಮ್ಮ. ದರೋಜಿ ಬಿಟ್ಟು ಬರೇ ಈರಮ್ಮ ಅಂದ್ರೆ ಯಾವ ಈರಮ್ಮ? ಹಾಗಂತ ದರೋಜಿ ಅವರ ಸರ್‌ನೇಮ್ ಆಗಿಬಿಡುತ್ತಾ? ಹುಬ್ಬಳ್ಳಿ-ಧಾರವಾಡದ ಕಡೆ ಊರು ಕೊನೆಗೆ ಬಂದು ಅಡ್ಡಹೆಸರಾಗುತ್ತೆ, ಅದು ಅಲ್ಲಿನ ರೂಢಿ. ಯುರೋಪಿನಲ್ಲೂ ಇದೇ ಕಥೆ ಬಿಡಿ, ಲಿಯೊನಾರ್ಡೊ ದಾ ವಿಂಚಿ ಅಂದ್ರೆ ವಿಂಚಿ ಊರಿನ ಲಿಯೊನಾರ್ಡೊ. ಅವನಿಗೂ ಈ ಫಾರ್ಮ್ ಕೊಡಬೇಕಿತ್ತು!

ಇಂಗ್ಲಿಷಿನಲ್ಲಿ ನನ್ನ ಹೆಸರು ಓದಿದವರದ್ದು ಇನ್ನೊಂದು ಪ್ರಶ್ನೆ: "ತರಳಬಾಳು ಮಠದ ಊರಾ?" ಅಲ್ಲ ಸ್ವಾಮೀ, ಅದು ಚಿತ್ರದುರ್ಗ ಜಿಲ್ಲೆಯ ಸಿರಿಗೆರೆ. ಒಂದು ದೀರ್ಘ ನುಂಗಿದರೆ ನಮ್ಮ ಕೇರಿ ಹೋಗಿ ಅವರ ಕೆರೆಗೆ ಬೀಳುತ್ತೆ.

ಸಿಟ್ಟು ಬರೋದು ಯಾಕೆ ಗೊತ್ತಾ? ಈ ಫಾರ್ಮ್‌ಗಳನ್ನು ಬರೆಯೋರು ಎಲ್ಲೋ ಅಮೆರಿಕದವರಷ್ಟೇ ಅಲ್ಲ, ಬೆಂಗಳೂರಿನಲ್ಲಿ ಕೂತಿರೋ ನಮ್ಮ ಕನ್ನಡದ ಹುಡುಗರೂ ಹೌದು. ಅವರಲ್ಲೂ ಅರ್ಧ ಜನಕ್ಕೆ ಸರ್‌ನೇಮ್ ಇರಲ್ಲ, ಅಪ್ಪನ ಹೆಸರು ತುಂಬಿ ಸುಮ್ಮನಾಗ್ತಾರೆ! 'ಪೂರ್ತಿ ಹೆಸರು' ಅಂತ ಒಂದೇ ಪೆಟ್ಟಿಗೆ ಇಟ್ಟರೆ ಏನು ಕಷ್ಟ? ಒಬ್ಬರನ್ನು ಕೇಳಿದೆ, "ಡೇಟಾಬೇಸ್‌ನಲ್ಲಿ ಆ ಕಾಲಂ ನಾಟ್ ನಲ್ ಇದೆ" ಅಂದ್ರು.

ನಲ್ ಮಾಡ್ರಿ ಮತ್ತೆ!