ಸೋರುವ ನೀರಿನ ಸುಳಿವು

ಹಳೇಕೋಟೆಯಿಂದ ಆಲೂಗಡ್ಡೆ ಹೇರಿಕೊಂಡು ಮಂಗಳೂರಿಗೆ ಹೋಗುವ ಪಿಕಪ್ಪಿನ ರೇಡಿಯೇಟರಿನಲ್ಲಿ ದಿನವೂ ನೀರು ತಗ್ಗಿದರೆ, ಒಂದು ಚೊಂಬು ನೀರು ಹೊಯ್ದು ಮುಂದುವರಿಯುವವರೇ ಹೆಚ್ಚು. ಅದು ಚಿಕಿತ್ಸೆಯಲ್ಲ, ರೋಗವನ್ನು ಮರೆಮಾಚುವ ಉಪಾಯ. ಹಿಂದಿರುಗುವಾಗ ಶಿರಾಡಿ ಘಟ್ಟದ ಏರಿನಲ್ಲಿ ಎಂಜಿನ್ನು ಕುದಿದರೆ ಬಾಡಿಗೆಯೊಡನೆ ಬಂಡವಾಳವೂ ಹೋದೀತು.

ಬಿಸಿಯಾದ ರೇಡಿಯೇಟರಿನ ಮುಚ್ಚಳಕ್ಕೆ ಕೈಹಚ್ಚಬಾರದೆಂಬುದು ಮೊದಲ ನಿಯಮ. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಂಟಿಗ್ರೇಡ್ ಮೀರಿಯೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿದೊಡನೆ ಚಿಮ್ಮಿ ಮುಖವನ್ನು ಸುಡುತ್ತದೆ.

ರಾತ್ರಿ ಗಾಡಿಯಡಿ ರಟ್ಟೊಂದನ್ನು ಹಾಸಿಡಿ. ಬೆಳಗ್ಗೆ ಹಸುರು ಅಥವಾ ಗುಲಾಬಿ ಬಣ್ಣದ ಕಲೆ ಕಂಡರೆ ಅದರ ಮೇಲ್ಭಾಗದ ಕೊಳವೆ, ಬಿಗಿಪಟ್ಟಿ, ನೀರಿನ ಪಂಪುಗಳನ್ನು ಪರೀಕ್ಷಿಸಿ. ರಟ್ಟು ಒಣಗಿಯೇ ಇದ್ದರೆ ಬಿಸಿಯಲ್ಲಿ ಮಾತ್ರ ಬಾಯಿಬಿಡುವ ಬಿರುಕಿರಬಹುದು. ಮೆಕ್ಯಾನಿಕ್ಕನು ಕೈಪಂಪಿನಿಂದ ಒತ್ತಡ ಕೊಟ್ಟು ಅದನ್ನು ಹುಡುಕುವನು. ಎಂಜಿನ್ನಿನ ಎಣ್ಣೆ ಹಾಲು ಬೆರೆತ ಕಾಫಿಯಂತಾಗಿದ್ದರೆ, ಎಂಜಿನ್ನು ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ಟು ಕೆಟ್ಟಿರುವ ಶಂಕೆ ಬಲವಾಗುತ್ತದೆ. ಅಂಥ ಗಾಡಿಯನ್ನು ಓಡಿಸಲಾಗದು.

ಗೃಹಿಣಿಯರಿಗೂ ಒಂದು ಮಾತು. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ನಾಲಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಅಂಗಳದಲ್ಲಿ ಅದು ಸೋರಿದ್ದರೆ ಮಗುವಾಗಲಿ ನಾಯಿಯಾಗಲಿ ನೆಕ್ಕುವ ಮೊದಲೇ ಒರೆಸಿ ತೊಳೆಯಿರಿ. ಗಾಡಿಯ ದುರಸ್ತಿ ಆಮೇಲಾದರೂ ಆದೀತು.