ಹಲಸಿನಹಣ್ಣಿನ ಕಥೆಯ ಕರ್ತೃ ಯಾರು?

ಈ ತಿಂಗಳು ವಾಚಕರ ಮುಂದೆ ಒಂದು ಕಳವಿನ ದೂರನ್ನಿಡಬೇಕಾಗಿದೆ. ಕಳವಾದ ವಸ್ತು ಒಂದು ಹೆಸರು. ಕಳ್ಳನಾರೆಂಬುದು ಮುಂದೆ ತಿಳಿಯುವುದು. ಮೊದಲು ಕಥೆಯನ್ನು ಕೇಳಿರಿ.

ಬಿ.ಸಿ. ರೋಡಿನಲ್ಲಿ ವಿಟ್ಲದ ಬಸ್ಸಿಗೆ ಒಬ್ಬ ಅಜ್ಜನು ದೊಡ್ಡದೊಂದು ಹಲಸಿನಹಣ್ಣನ್ನು ಹೊತ್ತುಕೊಂಡು ಹತ್ತಿದನು. ಕಂಡಕ್ಟರನು, "ಅಜ್ಜ, ಇದಕ್ಕೆ ಲಗೇಜು ಆಗುತ್ತದೆ" ಎಂದನು. ಅಜ್ಜನು, "ಲಗೇಜು ಯಾಕೆ ಮಾರಾಯ? ನಾನೇ ನೀರೆರೆದು ಸಾಕಿದ ಮರದ ಹಣ್ಣು. ನನಗೆ ಕೂಸಿನ ಹಾಗೆ. ಕೂಸಿಗೆ ಟಿಕೇಟು ಉಂಟೋ?" ಎಂದು ಕೇಳಿದನು. ಕಂಡಕ್ಟರನೂ ಕಡಿಮೆಯವನಲ್ಲ. "ಇಲ್ಲ ಅಜ್ಜ, ಕೂಸಿಗೆ ಟಿಕೇಟಿಲ್ಲ. ಆದರೆ ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕು" ಎಂದನು. ಬಸ್ಸು ಹೊರಟಿತು, ರಸ್ತೆಯ ಗುಂಡಿಗಳು ಎಂದಿನಂತೆ ಇದ್ದವು. ವಿಟ್ಲದಲ್ಲಿ ಅಜ್ಜನು ಇಳಿಯುವಾಗ ಕಂಡಕ್ಟರನು, "ದಾರಿಯಲ್ಲಿ ಮಗು ಅತ್ತಿತೇ ಅಜ್ಜ?" ಎಂದು ವಿಚಾರಿಸಿದನು. ಅಜ್ಜನು, "ಮಗು ಅಳಲಿಲ್ಲ. ಎತ್ತಿಕೊಂಡವನಿಗೆ ಅಳು ಬಂತು" ಎಂದನು.

ಈ ಕಥೆಯು ಹೋದ ಮಳೆಗಾಲದ ಮೊದಲಲ್ಲಿ ಬೆಳ್ತಂಗಡಿಯ ನನ್ನ ಅತ್ತಿಗೆಯವರಿಂದ ನನ್ನ ಮೊಬೈಲಿಗೆ ಬಂದಿತು. ಅದರಲ್ಲಿ ಬಸ್ಸು ಉಜಿರೆಯಿಂದ ಚಾರ್ಮಾಡಿಗೆ ಹೋಗುತ್ತಿದ್ದಿತು. ಎರಡು ದಿನಗಳಲ್ಲಿಯೇ ಮೂಡುಬಿದಿರೆಯ ಮಿತ್ರರೊಬ್ಬರು ಅದನ್ನೇ ಕಳುಹಿಸಿದರು. ಅಲ್ಲಿ ಅಜ್ಜನು ವೇಣೂರಿನಲ್ಲಿ ಇಳಿದನು. ನಮ್ಮ ಬಂಟವಾಳದ ಪ್ರತಿಯಲ್ಲಿ ವಿಟ್ಲದ ಬಸ್ಸೆಂಬುದನ್ನು ಆಗಲೇ ಕಂಡಿದ್ದೀರಿ. ಕೇಳಿದವರೆಲ್ಲರೂ ಇದು ನಿಜವಾಗಿ ನಡೆದುದೆಂದೂ ಆ ಅಜ್ಜನು ತಮ್ಮ ಸಂಬಂಧದವರೇ ಎಂದೂ ಹೇಳುವರು. ಹೀಗೆ ಮೂರು ತಾಲೂಕುಗಳಲ್ಲಿ ಏಳೆಂಟು ಅಜ್ಜಂದಿರು ಉತ್ಪನ್ನರಾದರು. ಕಥೆಯನ್ನು ಬರೆದವನು ಮಾತ್ರ ಎಲ್ಲಿಯೂ ಇರಲಿಲ್ಲ. ಹೆಸರಿಲ್ಲದ ಲೇಖನವೆಂದರೆ ತಲೆಬಾಗಿಲಿಲ್ಲದ ಮನೆಯಂತೆ ನನಗೆ ತೋರುವುದರಿಂದ, ಇದರ ಮೂಲವನ್ನು ಹುಡುಕಲು ತೊಡಗಿದೆನು.

ಕರ್ತೃವು ಕಾಣೆಯಾಗುವುದು ನಮ್ಮ ಸೀಮೆಗೆ ಹೊಸದಲ್ಲ. ಮೂಡುಬಿದಿರೆಯಿಂದ ಕಾರ್ಕಳದ ದಾರಿಯಾಗಿ ಮುಂದುವರಿದರೆ ನಂದಳಿಕೆಯೆಂಬ ಊರು ದೊರೆಯುವುದು. 1870ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುತ್ತಿದ್ದ ಬಡ ಉಪಾಧ್ಯಾಯನು. ರಾತ್ರಿಯ ದೀಪದೆದುರು ಅವನು ಹಳಗನ್ನಡದಲ್ಲಿ ಗ್ರಂಥಗಳನ್ನು ಬರೆದನು. ಬರೆದುದನ್ನು ತನ್ನದೆಂದು ಹೇಳಿಕೊಳ್ಳಲು ಅವನಿಗೆ ಧೈರ್ಯವಾಗಲಿಲ್ಲ. ಪ್ರಾಚೀನ ಗ್ರಂಥಗಳಿಗಾಗಿ ವಿದ್ವಾಂಸರು ಹಂಬಲಿಸುತ್ತಿದ್ದ ಕಾಲವದು. ಕಸರತ್ತಿನ ಮಾಸ್ತರನ ಹೊಸ ಕೃತಿಯನ್ನು ಯಾರು ಓದುವರು? ಆದುದರಿಂದ ಮುದ್ದಣನೆಂಬ ಹಳೆಯ ಕವಿಯೊಬ್ಬನ ರಚನೆಗಳಿವೆಂದು ಹೇಳಿ ಮೈಸೂರಿನ 'ಕಾವ್ಯಮಂಜರಿ'ಗೆ ಕಳುಹಿಸಿದನು. 'ಅದ್ಭುತರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಮೂರೂ ಅಚ್ಚಾದವು. ಅವನು ಕ್ಷಯರೋಗದಿಂದ 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಮುದ್ದಣನೆಂಬುವನು ಹಳಬನಲ್ಲ, ನಂದಳಿಕೆಯವನು ಎಂಬುದು ನಾಡಿಗೆ ತಿಳಿದುದು ಆ ಮೇಲೆ. ಹೊಗಳಿಕೆಯೆಲ್ಲ ಬಂದಾಗ ಕೇಳುವ ಕಿವಿ ಇರಲಿಲ್ಲ.

ಸುಳುಹುಗಳು ಮಾತ್ರ ಮೊದಲಿನಿಂದಲೂ ಪುಟದ ಮೇಲೆಯೇ ಇದ್ದವು. 'ರಾಮಾಶ್ವಮೇಧ'ದಲ್ಲಿ ಮುದ್ದಣನು ತನ್ನ ಮಡದಿ ಮನೋರಮೆಗೆ ಕಥೆ ಹೇಳುವನು. ಮಳೆಗಾಲದ ದಿನ, ಅರಮನೆಯಿಂದ ಬಳಲಿ ಬಂದ ಗಂಡನನ್ನು ಉಪಚರಿಸಿ ಅವಳು ಕಥೆಯನ್ನು ಬೇಡುವಳು. ಪದ್ಯವಾದರೆ ಒಲ್ಲೆ, ಗದ್ಯವೇ ಆಗಲೆನ್ನುವಳು. ಗಂಡನು ಸಂಸ್ಕೃತದ ಬಿಗುಪಿನಲ್ಲಿ ಮಾತನ್ನು ಹೂಡಿದರೆ ಅಲ್ಲಿಯೇ ತಡೆಯುವಳು. ಉಡುಗೆ ಹಳಗನ್ನಡದ್ದು, ನಿಜ. ಒಳಗಿನ ನಗೆಯಾದರೋ ನಮ್ಮ ನಿಮ್ಮ ಅಡಿಗೆಮನೆಯದು. ಕವಿಯ ಕೈಹಿಡಿದಾಕೆಯ ಹೆಸರು ಕಮಲಾಬಾಯಿ. ಮನೋರಮೆಯ ಮಾತುಗಳಲ್ಲಿ ಆಕೆಯ ಪಾಲೆಷ್ಟೆಂದು ಹೇಳಬಲ್ಲವರು ಯಾರು? ಶ್ರೀರಾಮನ ಯಜ್ಞದ ಕುದುರೆಗಿಂತ ಈ ದಂಪತಿಗಳ ಸರಸವೇ ಕನ್ನಡನಾಡಿನಲ್ಲಿ ಹೆಚ್ಚು ದೂರ ಓಡಿದೆಯೆಂದು ನನ್ನ ಎಣಿಕೆ.

ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರೂ ಅಡಗಿ ಬರೆದವರೇ. 'ಕವಿಶಿಷ್ಯ'ನೆಂಬುದು ಅವರ ಹೆಸರಾಂತ ಮುಸುಕು. ಇನ್ನೊಂದು ಮುಸುಕು 'ರಾ.ಮ.ಪಂ.' ಎಂಬುದು, ಹಿಂದುಮುಂದಾಗಿ ಓದಿದರೆ ಪಂಜೆ ಮಂಗೇಶರಾಯರು ಹೊರಗೆ ಬರುವರು. ಕಣ್ಣುಮುಚ್ಚಾಲೆಯಲ್ಲಿ ಮಕ್ಕಳು ಬಾಗಿಲ ಹಿಂದೆ ನಿಂತು ಕಾಲ್ಬೆರಳನ್ನು ಹೊರಗೆ ಚಾಚುವುದಿಲ್ಲವೇ? ಹಾಗೆ. ಅವರ ಶಿಶುಗೀತೆಗಳನ್ನು ಕರ್ತೃವಿನ ಹೆಸರರಿಯದೆಯೇ ಬಾಯಿಪಾಠ ಮಾಡಿದ ಅಜ್ಜಿಯಂದಿರನ್ನು ನಾನು ಬಲ್ಲೆನು. ಅದರಿಂದ ಪಂಜೆಯವರಿಗೆ ನಷ್ಟವಾಗಲಿಲ್ಲ. ಹುಡುಕಿದವರಿಗೆ ಅಚ್ಚಿನ ಪುಸ್ತಕದಲ್ಲಿ ಹೆಸರು ದೊರೆಯುತ್ತಿದ್ದಿತು.

ಹುಡುಕಿದವರಿಗೆ ದೊರೆಯಬೇಕು, ಅಷ್ಟೆ. ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಲ, ಜಯಧವಲ ಗ್ರಂಥಗಳ ತಾಳೆಯೋಲೆಗಳನ್ನು ನೆನೆಯಿರಿ. ಜಯಧವಲವನ್ನು ಆರಂಭಿಸಿದವರು ವೀರಸೇನಾಚಾರ್ಯರು. ಅವರು ಅಸ್ತಂಗತರಾದ ಬಳಿಕ 837ರಲ್ಲಿ ಪೂರ್ಣಗೊಳಿಸಿದವರು ಶಿಷ್ಯರಾದ ಜಿನಸೇನರು. ಹೆಚ್ಚಿನ ಭಾಗವನ್ನು ಬರೆದುದು ಶಿಷ್ಯರೇ. ಹಾಗಿದ್ದರೂ ಗುರುವಿನ ಹೆಸರು ಅಳಿಯಲಿಲ್ಲ. ತಾಳೆಯೋಲೆಯ ಮೇಲೆ ಬರೆಯುತ್ತಿದ್ದವರು ಸಾವಿರ ವರ್ಷಗಳಿಗೂ ಮೀರಿ ಉಳಿಸಿದುದನ್ನು, ಹೆಬ್ಬೆರಳಿನಿಂದ ಬರೆಯುವ ನಾವು ಎಷ್ಟು ದಿನ ಉಳಿಸಿದೆವು?

ನನ್ನ ಶೋಧನೆಯ ಮಾತಿಗೆ ಬರುತ್ತೇನೆ. ಅತ್ತಿಗೆಯವರನ್ನು ಕೇಳಿದೆನು. ತಮಗೆ ಗುರುವಾಯನಕೆರೆಯ ತಂಗಿ ಕಳುಹಿಸಿದಳೆಂದರು. ತಂಗಿಗೆ ಅವಳ ಗಂಡನ ಕಚೇರಿಯವರಿಂದ ಬಂದಿದ್ದಿತು. ಅವರಿಗೆ ಕೊಟ್ಟವರು ಮೂಡುಬಿದಿರೆಯ ನನ್ನ ಆ ಮಿತ್ರರೇ! ನಾನು ಹಿಗ್ಗಿದೆನು, ಎರಡು ಹೊಳೆಗಳು ಕೂಡುವ ಸ್ಥಾನ ಸಿಕ್ಕಿದಂತಾಯಿತು. ಮರುದಿನವೇ ಬಸ್ಸು ಹಿಡಿದು ಅವರ ಮನೆಗೆ ಹೋದೆನು. ಅವರು ಕನ್ನಡಕವನ್ನೇರಿಸಿ ಮೊಬೈಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋದರು. ಎರಡು ವರ್ಷ ಹಿಂದೆ ಸರಿದ ಮೇಲೆ ನಿಂತರು. ಏನೂ ನುಡಿಯದೆ ಯಂತ್ರವನ್ನು ನನ್ನ ಕೈಗಿತ್ತರು.

ಕಳುಹಿಸಿದವನು ನಾನು.

ಬಿ.ಸಿ. ರೋಡು, ವಿಟ್ಲದ ಬಸ್ಸು, ಅಜ್ಜನ ಅಳು, ಎಲ್ಲವೂ ಇದ್ದವು. ನೋಡುತ್ತಿರುವಂತೆಯೇ ಒಂದೊಂದಾಗಿ ನೆನಪಿಗೆ ಬಂದಿತು. ನನಗೆ ಬಂದಾಗ ಕಥೆ ಇದರ ಎರಡರಷ್ಟಿದ್ದಿತು. ಉದ್ದವಾಯಿತೆಂದು, ನಗೆಯು ಅಜ್ಜನ ಅಳುವಿನಲ್ಲಿಯೇ ಮುಗಿದರೆ ಚೆನ್ನೆಂದು ಪಂಡಿತನಂತೆ ಯೋಚಿಸಿ, ಕೆಳಗಿನ ಅರ್ಧವನ್ನು ನಾನೇ ಕತ್ತರಿಸಿದ್ದೆನು. ಆ ಅರ್ಧದ ತುದಿಯಲ್ಲಿ ಒಂದು ಹೆಸರೂ ಒಂದು ಊರೂ ಇದ್ದವು. ಇದ್ದವೆಂಬುದು ನೆನಪಿದೆ, ಯಾವುವೆಂಬುದು ಇಲ್ಲ. ಮೂಲಪ್ರತಿಯಿದ್ದ ನನ್ನ ಹಳೆಯ ಮೊಬೈಲು ಕಳೆದ ವರ್ಷ ಬಾವಿಯ ಪಾಲಾಯಿತು.

ಮಿತ್ರರು ನಗಲಿಲ್ಲ, ಕಾಫಿ ತರಿಸಿದರು. "ಮುದ್ದಣ ತಾನೇ ಅಡಗಿದವನು ಮಾರಾಯರೇ, ಅದು ಅವನ ಇಷ್ಟ. ಈತನನ್ನು ನೀವು ಅಡಗಿಸಿದಿರಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಮಡಿಲಲ್ಲಿ ಹಲಸಿನಹಣ್ಣಿಲ್ಲದಿದ್ದರೂ ಮುಳ್ಳುಗಳು ಚುಚ್ಚುತ್ತಿದ್ದವು. ಆ ಬರೆದವನೋ ಬರೆದವಳೋ ತನ್ನ ಕಥೆಯೇ ತನ್ನ ಮನೆಗೆ ಹೆಸರಿಲ್ಲದೆ ತಿರುಗಿ ಬಂದುದನ್ನು ಕಂಡಿರಬಹುದು. ಇದು ನನ್ನದೆಂದು ಹೇಳಿದರೆ, ಅಜ್ಜನು ತಮ್ಮ ದೊಡ್ಡಪ್ಪನೆಂದು ಸಾಧಿಸುವವರ ನಡುವೆ ನಂಬುವವರಾರು?

ಆದುದರಿಂದ ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹಳೆಯ ಮೊಬೈಲುಗಳಲ್ಲಿ ಈ ಕಥೆಯ ಪೂರ್ಣಪ್ರತಿ ಉಳಿದಿರಬಹುದು. ದಯವಿಟ್ಟು ಕೊನೆಯ ಸಾಲನ್ನು ನೋಡಿ, ಅಲ್ಲಿರುವ ಹೆಸರನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿರಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವೆನು. ಪೂರ್ಣಪ್ರತಿಯ ಗುರುತೇನೆಂದರೆ, ಅದರಲ್ಲಿ ಅಜ್ಜನು ಮನೆ ಸೇರುವನು. ಅಜ್ಜಿಯು ತೆಂಗಿನೆಣ್ಣೆಯ ಗಿಂಡಿಯನ್ನು ತಂದು, ಮೊದಲು ಅಜ್ಜನ ತೊಡೆಗೆ ಹಚ್ಚಿ, ಉಳಿದುದನ್ನು ಹಣ್ಣು ಕೊಯ್ಯುವ ಕತ್ತಿಗೆ ಸವರುವಳು.