ಲೆಕ್ಕ ತಾಳೆ ನೋಡಿದ ಇತಿಹಾಸಕಾರ

ಮಕ್ಕಳೇ, ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಆರು ಲಕ್ಷ ಸೈನಿಕರು ಹತ್ತು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರಿಗೆ ಒಂದು ಮೀಟರ್ ಜಾಗ. ಹಾಗಾದರೆ ಒಂದೊಂದು ಸಾಲು ಎಷ್ಟು ಉದ್ದ? ಅರವತ್ತು ಕಿಲೋಮೀಟರ್! ಈ ತುದಿಯಲ್ಲಿ ಯುದ್ಧ ಶುರುವಾದದ್ದು ಆ ತುದಿಯವನಿಗೆ ಗೊತ್ತಾಗುವುದು ಹೇಗೆ?

ಇಂಥ ಪ್ರಶ್ನೆಯನ್ನು ಆರುನೂರು ವರ್ಷಗಳಿಗೂ ಹಿಂದೆ ಕೇಳಿದವರು ಇಬ್ನ್ ಖಲ್ದೂನ್. ಪ್ರವಾದಿ ಮೋಶೆಯ ಕಾಲದಲ್ಲಿ ಇಸ್ರೇಲರ ಸೇನೆ ಆರು ಲಕ್ಷಕ್ಕೂ ಹೆಚ್ಚಿತ್ತು ಎಂದು ಅವರಿಗಿಂತ ಹಿಂದಿನ ಇತಿಹಾಸಕಾರ ಅಲ್-ಮಸೂದಿ ಬರೆದಿದ್ದರು. ಎಲ್ಲರೂ ಅದನ್ನೇ ನಕಲು ಮಾಡುತ್ತಿದ್ದರು. ಇಬ್ನ್ ಖಲ್ದೂನ್ ಮಾತ್ರ, ಅಷ್ಟು ಜನ ಒಂದು ರಣರಂಗದಲ್ಲಿ ಹಿಡಿಸುತ್ತಾರೆಯೇ, ಕೆಲವೇ ತಲೆಮಾರುಗಳಲ್ಲಿ ಒಂದು ಕುಟುಂಬ ಅಷ್ಟು ಬೆಳೆದೀತೇ ಎಂದು ಕೇಳಿದರು. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆಯಾಗದೆ ಮನೆಗೆ ಹೊರಡುವಂತಿಲ್ಲದ ನನ್ನಂಥವನಿಗೆ ಈ ಮನುಷ್ಯ ಬಹಳ ಹಿಡಿಸಿದ್ದು ಅದಕ್ಕೇ.

ಅವರು ಹುಟ್ಟಿದ್ದು 1332ರಲ್ಲಿ, ಉತ್ತರ ಆಫ್ರಿಕಾದ ಟ್ಯೂನಿಸ್ ನಗರದಲ್ಲಿ. ಹದಿಹರೆಯದಲ್ಲೇ ಪ್ಲೇಗ್ ಬಂದು ತಂದೆ, ತಾಯಿ, ಗುರುಗಳನ್ನು ಕೊಂಡೊಯ್ದಿತು. ಮುಂದೆ ಹಲವು ಸುಲ್ತಾನರ ಬಳಿ ಕೆಲಸ ಮಾಡಿದರು, ಸೆರೆಮನೆಯನ್ನೂ ಕಂಡರು. ಕೊನೆಗೆ ಇಂದಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಕುಳಿತು, 1377ರಲ್ಲಿ ಐದೇ ತಿಂಗಳಲ್ಲಿ ‘ಮುಕದ್ದಿಮಾ’ದ ಮೊದಲ ಕರಡು ಬರೆದರು. ಹಾಗೆಂದರೆ ಪೀಠಿಕೆ. ಅವರ ದೊಡ್ಡ ಇತಿಹಾಸ ಗ್ರಂಥಕ್ಕಿಂತ ಈ ಪೀಠಿಕೆಯೇ ಹೆಚ್ಚು ಹೆಸರಾಯಿತು.

ಅದರಲ್ಲಿ ಒಂದು ತಮಾಷೆಯ ಪ್ರಸಂಗವಿದೆ. ಅಲೆಕ್ಸಾಂಡರ್ ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ಸಮುದ್ರದ ತಳಕ್ಕೆ ಇಳಿದು, ಅಲ್ಲಿನ ಭೂತಗಳ ಚಿತ್ರ ಬರೆದುಕೊಂಡು ಬಂದ ಎಂಬ ಕಥೆ. ಇಬ್ನ್ ಖಲ್ದೂನ್ ಹೇಳಿದ್ದು ಇಷ್ಟೇ: ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಸಾಲದೆ ಮನುಷ್ಯ ಸಾಯುತ್ತಾನೆ, ಮೇಲಾಗಿ ಯಾವ ರಾಜನೂ ಅಂಥ ಅಪಾಯಕ್ಕೆ ತಾನೇ ಇಳಿಯುವುದಿಲ್ಲ.

ಸುಳ್ಳು ಏಕೆ ಹಬ್ಬುತ್ತದೆ ಎಂಬುದನ್ನೂ ಅವರು ಬರೆದರು. ನಮ್ಮ ಪಕ್ಷದ ಮಾತಾದರೆ ಪರೀಕ್ಷಿಸದೆ ನಂಬುತ್ತೇವೆ. ಹೇಳಿದವನ ಮೇಲಿನ ಭರವಸೆಯಿಂದ ನಂಬುತ್ತೇವೆ. ದೊಡ್ಡವರನ್ನು ಮೆಚ್ಚಿಸಲು ಉಬ್ಬಿಸುತ್ತೇವೆ. ನಮ್ಮ ಮೊಬೈಲಿಗೆ ಬೆಳಗಾದರೆ ಬಂದು ಬೀಳುವ ಸಂದೇಶಗಳನ್ನು ನೆನೆದುಕೊಳ್ಳಿ!

1384ರಲ್ಲಿ ಅವರನ್ನು ಸೇರಲು ಈಜಿಪ್ಟಿಗೆ ಬರುತ್ತಿದ್ದ ಕುಟುಂಬ ಹಡಗು ಮುಳುಗಿ ತೀರಿಕೊಂಡಿತು. ಆದರೂ ಕೈರೋದಲ್ಲಿ ನ್ಯಾಯಾಧೀಶರಾಗಿ, ಗುರುವಾಗಿ ದುಡಿದರು. 1401ರಲ್ಲಿ ತೈಮೂರ್ ಡಮಾಸ್ಕಸ್ ನಗರವನ್ನು ಮುತ್ತಿದ್ದ. ಮೂರು ವರ್ಷ ಹಿಂದೆ ದಿಲ್ಲಿಯನ್ನು ಸೂರೆ ಮಾಡಿದವನು ಅವನೇ. ಸುಮಾರು ಎಪ್ಪತ್ತರ ಈ ಅಜ್ಜ ಹಗ್ಗದ ಸಹಾಯದಿಂದ ಕೋಟೆಗೋಡೆ ಇಳಿದು ಹೋಗಿ ಅವನನ್ನು ಕಂಡರು! ತೀರಿಕೊಂಡದ್ದು 1406ರಲ್ಲಿ.

ಅಜ್ಜ ಅಜ್ಜಿಯರಿಗೂ ಅವರದೊಂದು ಮಾತಿದೆ. ಮಕ್ಕಳನ್ನು ಹೆದರಿಸಿ ಕಲಿಸಿದರೆ ಅವರು ಸೋಮಾರಿತನವನ್ನೂ ಸುಳ್ಳನ್ನೂ ಕಲಿಯುತ್ತಾರೆ ಎಂದಿದ್ದರು. ಆದ್ದರಿಂದ ಮೊಮ್ಮಕ್ಕಳು ‘ಅದು ಹೇಗೆ ಸಾಧ್ಯ ತಾತ?’ ಎಂದರೆ ಗದರಬೇಡಿ. ಜೊತೆಗೆ ಕುಳಿತು ಲೆಕ್ಕ ಮಾಡಿ.

ಮಕ್ಕಳೇ, ಈ ವಾರದ ಕೆಲಸ: ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಮೈದಾನದ ಜಾತ್ರೆಯಲ್ಲಿ ಒಂದು ಲಕ್ಷ ಜನ ನಿಂತಿದ್ದರಂತೆ. ಒಂದು ಚದರ ಮೀಟರಿನಲ್ಲಿ ನಾಲ್ವರು ಒತ್ತಾಗಿ ನಿಂತರು ಎನ್ನೋಣ. ಹೇಳಿದವರ ಲೆಕ್ಕ ತಾಳೆಯಾಗುತ್ತದೆಯೇ?